ಹಳೆಯ ಬಾಗಿಲಿನ ಹಿಡಿಕೆ ಯಾರದು?



ಸೊರಡಿ, ಜತ್ತದ ಕಡೆ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟುವುದು ಈಗ ಸಾಮಾನ್ಯ. ಕಲ್ಲು ಹೊಸ ಪಾಯಕ್ಕೆ ಹೋಗುತ್ತದೆ, ತೊಲೆಗಳಿಗೆ ಗಿರಾಕಿ ಸಿಗುತ್ತಾರೆ. ಕೊನೆಗೆ ಮಾತು ಬರುವುದು ಬಾಗಿಲಿನ ಹಿತ್ತಾಳೆ ಹಿಡಿಕೆ, ಚಿಲಕ, ಕೊಂಡಿಗಳ ಮೇಲೆ. ಮರಾಠಿ ಮಾತಾಡುವ ನೆರೆಯವರು ಕಡಿ-ಕೊಯಂಡಾ ಎನ್ನುವ ಸಾಮಾನು ಇದು. ಇವನ್ನು ಬಿಚ್ಚಿ ಮಾರಬಹುದೇ? ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಇಷ್ಟೇ ಸಾಕು.

ಗುಜರಿಯವನು ಹಿತ್ತಾಳೆಯ ತೂಕ ನೋಡುತ್ತಾನೆ. ಅವನಿಗೆ ಅದು ತಾಮ್ರ ಮತ್ತು ಸತುವಿನ ಮಿಶ್ರಣ. ಕರಗಿಸಿದರೆ ನಾಳೆ ನಲ್ಲಿಯಾಗುತ್ತದೆ. ಹಳೆ ಸಾಮಾನಿನ ವ್ಯಾಪಾರಿ ವಯಸ್ಸು ನೋಡುತ್ತಾನೆ. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆಯೂ ವಯಸ್ಸು ನೋಡುತ್ತದೆ. ಕಟ್ಟಡದಿಂದ ಬೇರ್ಪಡಿಸಿದ ವಸ್ತು ನೂರು ವರ್ಷ ದಾಟಿದ್ದರೆ ಅದೂ ಪ್ರಾಚ್ಯವಸ್ತು ಎನಿಸಬಹುದು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ ಚೀಲ ಹಿಡಿದು ಬಂದವನಿಗೆ ಕೊಡುವ ಮುಂಚೆ ನಾಲ್ಕು ಮಾತು ಕೇಳುವುದು ಒಳ್ಳೆಯದು.

ಆದರೆ ತೂಕ, ವಯಸ್ಸು ಎರಡೂ ಹೇಳದ ಸಂಗತಿಯೊಂದಿದೆ. ಆ ಹಿಡಿಕೆಯನ್ನು ನಾವು ದುಡಿದು ತಂದಿಲ್ಲ. ಮುತ್ತಜ್ಜ ಹಾಕಿಸಿದ, ಅಜ್ಜಿ ಹುಣಸೆಹಣ್ಣು ಹಚ್ಚಿ ಉಜ್ಜಿದಳು, ಈಗ ನಮ್ಮ ಕೈಗೆ ಬಂದಿದೆ. ಹೀಗೆ ಬಂದದ್ದಕ್ಕೆ ನಾವು ಮಾಲೀಕರಿಗಿಂತ ಹೆಚ್ಚಾಗಿ ಮೇಲ್ವಿಚಾರಕರು.

ಧರ್ಮಸಭೆ ತನ್ನ ಆಸ್ತಿಯ ವಿಷಯದಲ್ಲೂ ಹೀಗೇ ನಡೆಯುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1292ನೇ ವಿಧಿಯಂತೆ, ಕಲೆ ಅಥವಾ ಇತಿಹಾಸದ ಕಾರಣದಿಂದ ಅಮೂಲ್ಯವಾದ ವಸ್ತುವನ್ನು ಪರಭಾರೆ ಮಾಡಲು ರೋಮಿನ ಪವಿತ್ರ ಪೀಠದ ಅನುಮತಿ ಬೇಕು. ಧರ್ಮಾಧ್ಯಕ್ಷರೂ ಒಬ್ಬರೇ ತೀರ್ಮಾನಿಸುವಂತಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೇ? ಹಾಗೂ ಅಲ್ಲ. 378ರಲ್ಲಿ ಆಡ್ರಿಯಾನೋಪಲ್ ಯುದ್ಧದಲ್ಲಿ ರೋಮನ್ನರು ಸೋತ ಮೇಲೆ ಗೋಥರು ಅನೇಕರನ್ನು ಸೆರೆ ಹಿಡಿದರು. ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಆಂಬ್ರೋಸರು ದೇವಾಲಯದ ಪೂಜಾಪಾತ್ರೆಗಳನ್ನೇ ಒಡೆಸಿ ಕರಗಿಸಿ, ಆ ಹಣದಿಂದ ಸೆರೆಯಾಳುಗಳನ್ನು ಬಿಡಿಸಿದರು. ವಿರೋಧಿಗಳು ಆಕ್ಷೇಪಿಸಿದಾಗ, ಚಿನ್ನ ಉಳಿಸುವುದಕ್ಕಿಂತ ಜೀವ ಉಳಿಸುವುದು ಮೇಲು ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು.

ನನಗೆ ತೋರುವಂತೆ, ಈ ಎರಡನ್ನೂ ಕೂಡಿಸಿ ಓದಬೇಕು. ಕೇಳದೆ ಮಾರಬಾರದು, ಮನುಷ್ಯರ ಅಗತ್ಯ ಎದುರಿಗಿದ್ದಾಗ ಹಿಡಿದುಕೊಂಡೂ ಕೂಡಬಾರದು. ಮಗಳ ನರ್ಸಿಂಗ್ ಕಾಲೇಜಿನ ಫೀಗಾಗಿ ಹಿಡಿಕೆ ಮಾರುವುದು ಮುತ್ತಜ್ಜನಿಗೆ ಮಾಡಿದ ಅಪಮಾನವಲ್ಲ. ಹಳೆಯದು ಕಂಡರೆ ನಾಚಿಕೆ ಎಂದು ಕಿತ್ತು ಬಿಸಾಡುವುದು ಬೇರೆ ಮಾತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಪುಣೆಯಲ್ಲೋ ಸಾಂಗ್ಲಿಯಲ್ಲೋ ಇರುವವರು ಫೋನಿನಲ್ಲಿ "ಅಜ್ಜನ ನೆನಪು, ಮಾರಬೇಡಿ" ಎನ್ನುತ್ತಾರೆ. ಊರಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗುವವಳು ತಾಯಿ. ನೆನಪು ಉಳಿಯಬೇಕೆನ್ನುವವರು ಅದರ ಖರ್ಚಿನಲ್ಲೂ ಪಾಲು ಕೊಡಬೇಕು. ಇಲ್ಲದಿದ್ದರೆ ಆ ಪ್ರೀತಿಯ ಭಾರ ಇನ್ನೊಬ್ಬರ ಹೆಗಲ ಮೇಲೆ ಬೀಳುತ್ತದೆ.

ಬಿಚ್ಚಲೇಬೇಕಾದರೆ ಗೌರವದಿಂದ ಬಿಚ್ಚೋಣ. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಹಿಂಬದಿಗೆ ಮಡಚಿದ ಮೊಳೆಗಳನ್ನು ಮೊದಲು ನೆಟ್ಟಗೆ ಮಾಡಿ; ಸುತ್ತಿಗೆಯಿಂದ ಬಡಿದರೆ ಸಾಗವಾನಿ ಹಲಗೆಯೇ ಸೀಳುತ್ತದೆ. ಒಂದು ಫೋಟೋ ತೆಗೆದು, ಯಾವ ಬಾಗಿಲಿನದು, ಯಾರು ಹಾಕಿಸಿದ್ದು ಎಂದು ಬರೆದಿಡಿ. ಸಾಧ್ಯವಾದರೆ ಒಂದನ್ನಾದರೂ ಹೊಸ ಮನೆಯ ಬಾಗಿಲಿಗೆ ಹಾಕಿಸಿ.

ಈ ವಾರ ಕುಟುಂಬ ಪ್ರಾರ್ಥನೆಯ ಬಳಿಕ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳೋಣ: ನಮ್ಮ ಮನೆಯಲ್ಲಿ ನಾವು ಸಂಪಾದಿಸದೆ ಪಡೆದದ್ದು ಏನಿದೆ? ಅದರ ಬಗ್ಗೆ ತೀರ್ಮಾನಿಸುವಾಗ ಯಾರನ್ನು ಕೇಳಿಲ್ಲ? ಅದರಿಂದ ಈಗ ಯಾರಿಗೆ ನೆರವಾಗಬಹುದು?

ಬಾಗಿಲಲ್ಲಿ ನಿಂತು ತಟ್ಟುವ ಪ್ರಭು ನಮ್ಮ ಮನೆಗಳನ್ನು ಆಶೀರ್ವದಿಸಲಿ.

– ಯುವಜನ ಸಂಯೋಜಕ