ನೀರು ಕೇಳಿದ ಮಗ

ಪ್ರಾಗ್ ನಗರದ ಹೊಸ ಯಹೂದಿ ಸ್ಮಶಾನದಲ್ಲಿ ಒಂದು ಗೋರಿಕಲ್ಲಿದೆ. ಅದರ ಮೇಲೆ ಮೂರು ಹೆಸರು: ಮೊದಲು ಮಗ, ಲೇಖಕ ಫ್ರಾಂಟ್ಸ್ ಕಾಫ್ಕಾ, ಕೆಳಗೆ ಅಪ್ಪ ಹರ್ಮನ್, ಅದಕ್ಕೂ ಕೆಳಗೆ ಅಮ್ಮ ಯೂಲಿ. ಸಾವು ಬಂದ ಸರದಿಯಂತೆ ಕೆತ್ತಿದ್ದಾರೆ, ಅಷ್ಟೇ. ಬದುಕಿದ್ದಾಗ ಆ ಮನೆಯಲ್ಲಿ ಅಪ್ಪನಿಗಿಂತ ಮೇಲೆ ಯಾರೂ ಇರಲಿಲ್ಲ.

ಹರ್ಮನ್ ಕಟುಕನ ಮಗ; ಹಳ್ಳಿಯಿಂದ ಬಂದು ಪ್ರಾಗ್‌ನಲ್ಲಿ ಫ್ಯಾನ್ಸಿ ಸಾಮಾನಿನ ಅಂಗಡಿ ಕಟ್ಟಿದವನು. ಆಳು ದೊಡ್ಡವನು, ದನಿ ಅದಕ್ಕಿಂತ ದೊಡ್ಡದು. 1919ರ ನವೆಂಬರಿನಲ್ಲಿ, 36ನೇ ವಯಸ್ಸಿನಲ್ಲಿ, ಮಗ ಅವನಿಗೆ ನೂರು ಪುಟ ಮೀರಿದ ಕಾಗದ ಬರೆದ. ತನ್ನ ಮದುವೆಯ ಮಾತಿಗೆ ಅಪ್ಪ ಅಡ್ಡ ಬಂದದ್ದು ನೆಪ. ಒಳಗೆ ಕುಳಿತಿದ್ದದ್ದು ಬಾಲ್ಯದ ಒಂದು ರಾತ್ರಿ. ನೀರು ಬೇಕೆಂದು ರಚ್ಚೆ ಹಿಡಿದ ಮಗುವನ್ನು ಅಪ್ಪ ಹಾಸಿಗೆಯಿಂದ ಎತ್ತಿ ಹೊರಗಿನ ಬಾಲ್ಕನಿಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದ. ಮೈಮೇಲೆ ಬರೀ ಅಂಗಿ. ನಿಜಕ್ಕೂ ಬಾಯಾರಿತ್ತೇ? ಇಲ್ಲ, ಸ್ವಲ್ಪ ಹಟ, ಸ್ವಲ್ಪ ಆಟ ಎಂದು ಕಾಫ್ಕಾನೇ ಒಪ್ಪಿಕೊಳ್ಳುತ್ತಾನೆ. ದೂರಿಗೆ ತೂಕ ಬಂದದ್ದು ಈ ಒಪ್ಪಿಗೆಯಿಂದಲೇ ಅನಿಸುತ್ತದೆ ನನಗೆ.

ಅದೇ ಕಾಗದದಲ್ಲಿ ಈಜುಶಾಲೆಯ ನೆನಪೂ ಇದೆ. ಬಟ್ಟೆ ಬದಲಿಸುವ ಗೂಡಿನಲ್ಲಿ ಅಪ್ಪನ ದಷ್ಟಪುಷ್ಟ ಮೈ, ಎದುರಿಗೆ ತನ್ನ ನರಪೇತಲ ದೇಹ. ಜನರ ಮುಂದೆ ಹೊರಬರಲು ನಾಚಿಕೆ. ಕಾಗದವನ್ನು ಅಮ್ಮನ ಕೈಗೆ ಕೊಟ್ಟ. ಅವಳು ಗಂಡನಿಗೆ ತಲುಪಿಸದೆ ಮಗನಿಗೇ ಹಿಂದಿರುಗಿಸಿದಳು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್ ಹೇಳುತ್ತಾನೆ. (ಇಂಥ ಅಮ್ಮಂದಿರನ್ನು ನಾವೂ ಕಂಡಿದ್ದೇವೆ; ಮನೆ ಒಡೆಯದಿರಲಿ ಎಂದು ಮಾತನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡವರು.)

ನಾಲ್ಕೂವರೆ ವರ್ಷ ಕಳೆಯಿತು. ವಿಯೆನ್ನಾ ಹತ್ತಿರದ ಕೀರ್ಲಿಂಗ್ ಆರೋಗ್ಯಧಾಮ. ಕ್ಷಯ ಗಂಟಲಿಗೆ ಇಳಿದಿತ್ತು. ಮಾತಿಗೆ ಬದಲು ಚೀಟಿ ಬರೆದು ತೋರಿಸಬೇಕು. ಗುಟುಕು ನೀರು ನುಂಗುವುದೂ ಯಾತನೆ. 1924ರ ಜೂನ್ 2ರಂದು ಅವನು ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಾನೆ. ಅದರಲ್ಲಿ ಮತ್ತೆ ಈಜುಶಾಲೆ. ಈ ಸಲ ಗೂಡಿಲ್ಲ, ನಾಚಿಕೆಯಿಲ್ಲ. ಈಗಿನ ಸೆಕೆಗೆ, ಅಲ್ಲಿಗೆ ಹೋದಾಗ ಅಪ್ಪನ ಜೊತೆ ಕುಡಿದ ಬಿಯರ್ ನೆನಪಾಗುತ್ತಿದೆಯಂತೆ.

ಇದನ್ನು ಕ್ಷಮೆ ಎನ್ನಲು ನನಗೆ ಮನಸ್ಸಿಲ್ಲ. ಗಂಟಲು ಒಣಗಿದವನ ನೆನಪು ನೀರಿನ ಕಡೆಗೆ ಹರಿದಿರಬಹುದು, ಅಷ್ಟೇ. ಅಪ್ಪ, ಅಂಗಡಿ, ಯಜಮಾನಿಕೆ ಎಲ್ಲ ಅಳಿಯುತ್ತವೆಂದು ನಮಗೆ ಗೊತ್ತು; ಅಪ್ಪನ ಭಯಕ್ಕೆ ಮಾತ್ರ ಸಾವಿಲ್ಲವೆಂದುಕೊಂಡು ಅದನ್ನು ಸಾಕುತ್ತಲೇ ಇರುತ್ತೇವೆ. ಇಲ್ಲಿ ಅದು, ಅಪ್ಪ ಇನ್ನೂ ಗಟ್ಟಿಯಾಗಿ ಬದುಕಿದ್ದಾಗಲೇ, ಒಂದು ಲೋಟ ಬಿಯರಿನ ಮುಂದೆ ಎಲ್ಲೋ ಜಾರಿಹೋಗಿತ್ತು.

ಆ ಕಾಗದ ಮುಗಿಯಲಿಲ್ಲ. ಜೊತೆಗಿದ್ದ ಗೆಳತಿ ಡೋರಾ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಮರುದಿನ ಅವನಿರಲಿಲ್ಲ; ಅಪ್ಪ ಇನ್ನೂ 7 ವರ್ಷ ಇದ್ದ.