ಹೇಳಿಕೊಳ್ಳಲು ಒಬ್ಬರಿರಲಿ

ತಾಯಿ ಕಾರ್ಡ್ ನೋಡಲು ಆಶಾ ಅಕ್ಕನೋ ಆರೋಗ್ಯ ಕೇಂದ್ರದ ಸಿಸ್ಟರೋ ಮನೆಗೆ ಬಂದಾಗ ನಡೆಯುವ ಮಾತುಕತೆಯನ್ನು ಒಮ್ಮೆ ಗಮನಿಸಿ. ಶರಾವತಿ ಹಿನ್ನೀರಿನಾಚೆ ಬ್ಯಾಕೋಡಿನ ಕಡೆಯ ಮನೆಯಾಗಲಿ, ಪೇಟೆಯ ಮನೆಯಾಗಲಿ, ಹೆಚ್ಚು ವ್ಯತ್ಯಾಸವಿಲ್ಲ. ಜಗಲಿಯಲ್ಲಿ ಕುಳಿತು ಅವರು ‘ಆರಾಮಿದೀಯಾ ತಂಗಿ?’ ಎಂದು ಬಸುರಿಯನ್ನು ಕೇಳುತ್ತಾರೆ. ‘ಆರಾಮಿದಾಳೆ, ಅವಳಿಗೇನಾಗಿದೆ?’ ಎಂದು ಅತ್ತೆ ಉತ್ತರಿಸುತ್ತಾರೆ. ಮಾತ್ರೆ ತಪ್ಪದೆ ತಗೊಳ್ತಿದೀಯಾ ಎಂದರೆ ಗಂಡ ತಲೆಯಾಡಿಸುತ್ತಾನೆ. ಇಬ್ಬರದೂ ಅಕ್ಕರೆಯೇ, ಸಂಶಯವಿಲ್ಲ. ಆದರೆ ಹೊಟ್ಟೆಯಲ್ಲಿ ಮಗು ಹೊತ್ತವಳು ಬಾಗಿಲಿಗೆ ಒರಗಿ ಸುಮ್ಮನೆ ನಿಂತಿರುತ್ತಾಳೆ. ಕಾರ್ಡಿನಲ್ಲಿ ತೂಕ, ತಾರೀಖು ಬರೆದು ಬಂದವರು ಮುಂದಿನ ಮನೆಗೆ ಹೊರಡುತ್ತಾರೆ.

ಅವಳಿಗೆ ಹೇಳುವುದು ಇದ್ದೇ ಇರುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹೆದರಿ ನಿಲ್ಲಿಸಿದವರು ಎಷ್ಟೋ ಜನ. ಬಸುರಿನ ಕಾಲಕ್ಕೆಂದು ಕೊಡುವ 180 ಮಾತ್ರೆಗಳಲ್ಲಿ ಅರ್ಧ ಕಪಾಟಿನಲ್ಲೇ ಉಳಿಯುವುದು ಹೀಗೆ. ನಾಚದೆ ಹೇಳಿಕೊಂಡರೆ, ಮಲ ಕಪ್ಪಾಗುವುದು ಸಹಜ, ಕಾಫಿ ಟೀ ಜೊತೆ ನುಂಗಬೇಡ, ನಿಂಬೆ ಪಾನಕದ ಜೊತೆ ತಗೋ ಎಂಬ ಒಂದು ಮಾತಿನಲ್ಲಿ ಭಯ ಕಳೆಯುತ್ತದೆ. ಇನ್ನು ಕೆಲವು ಮಾತುಗಳಿಗೆ ತಡವೇ ಸಲ್ಲದು. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದರೆ ಅನುಭವಸ್ಥ ಸಿಸ್ಟರ್ ಅವಳ ಕಣಕಾಲಿನ ಮೇಲೆ ಹೆಬ್ಬೆರಳೊತ್ತಿ, ಬೆರಳು ತೆಗೆದ ಮೇಲೂ ಗುಳಿ ಉಳಿಯುತ್ತದೆಯೇ ಎಂದು ನೋಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುತ್ತಾರೆ. ಬಸುರಿನಲ್ಲಿ ಏರುವ ರಕ್ತದೊತ್ತಡ ತಾಯಿ ಮಗು ಇಬ್ಬರಿಗೂ ಕುತ್ತು. ಬೇಗ ತಿಳಿದರೆ ಚಿಕಿತ್ಸೆಯುಂಟು. ಮಗುವಿನ ಮಿಸುಕಾಟ ನಿನ್ನೆಗಿಂತ ಕಡಿಮೆಯಾಗಿದೆ ಎಂಬುದಂತೂ ಅವಳು ಬಾಯಿ ಬಿಡದ ಹೊರತು ಮನೆಯಲ್ಲಿ ಯಾರಿಗೂ ತಿಳಿಯದು.

ಹೊತ್ತಿಗೆ ಸರಿಯಾಗಿ ತಿಳಿಯುವುದರ ಬೆಲೆ ಹಿನ್ನೀರಿನ ಈ ಸೀಮೆಗೆ ಚೆನ್ನಾಗಿ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ತುಮರಿ, ಬ್ಯಾಕೋಡಿನವರಿಗೂ ಸಾಗರಕ್ಕೂ ನಡುವೆ ಶರಾವತಿ ಹರಡಿ ನಿಂತಿತು. ಹೊಳೆಬಾಗಿಲಿನ ಲಾಂಚ್ ಸಂಜೆಗೆ ನಿಂತರೆ ರಾತ್ರಿಯ ಹೆರಿಗೆ ನೋವಿಗೆ ಕಾಡಿನ ಬಳಸುದಾರಿಯೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಕಷ್ಟ ನೀಗಿತು. ಆದರೂ ಆಂಬುಲೆನ್ಸ್ ಬರುವುದು ಯಾರಾದರೂ ಕರೆದ ಮೇಲೆ, ಕರೆಯುವುದು ಅವಳು ಹೇಳಿದ ಮೇಲೆ. ಹಾಗೆ ಹೇಳುವಷ್ಟು ಸಲಿಗೆ ನೋವು ಬಂದ ರಾತ್ರಿ ಹುಟ್ಟುವಂಥದ್ದಲ್ಲ, ತಿಂಗಳುಗಟ್ಟಲೆ ಮಾತಾಡಿ ಬೆಳೆಯಬೇಕು. ಹಿಂದೆ ಆ ಸಲಿಗೆ ಸೂಲಗಿತ್ತಿಯ ಜೊತೆಗಿರುತ್ತಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿ ಕೊಡುತ್ತಿದ್ದ ಅಭಯ ಆಸ್ಪತ್ರೆಯಲ್ಲೂ ಬೇಕು. 17 ದೇಶಗಳ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ಕಾಕ್ರೇನ್ ಸಂಸ್ಥೆ 2017ರಲ್ಲಿ ಕಂಡುಕೊಂಡದ್ದೂ ಇದನ್ನೇ: ಹೆರಿಗೆಯ ಉದ್ದಕ್ಕೂ ಒಬ್ಬರು ಎಡೆಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತುಸು ತಗ್ಗುತ್ತದೆ.

ಗೃಹಸ್ಥರಾದ ನಾವು ಹೆರಿಗೆ ಮಾಡಿಸಲಾರೆವು. ಆದರೆ ಬಸುರಿ ಮನಬಿಚ್ಚಿ ಹೇಳುವಂಥ ಆ ಸಲಿಗೆ ಬೆಳೆಯಲು ಎಡೆ ಮಾಡಿಕೊಡಬಲ್ಲೆವು. ಬಂದವರಿಗೆ ಕುರ್ಚಿ, ನೀರು ಕೊಟ್ಟು, ಹತ್ತು ನಿಮಿಷ ಅವರಿಬ್ಬರನ್ನೇ ಬಿಟ್ಟು ಒಳಗೆ ಹೋಗೋಣ. ಬಿಸಿಲಲ್ಲಿ ನಡೆದು ಬಂದವರಿಗೂ ಅದು ವಿಶ್ರಾಂತಿ. ತಾಯಿ ಕಾರ್ಡ್ ಅವಳ ಕೈಯಲ್ಲೇ ಇರಲಿ, ಆಶಾ ಅಕ್ಕನ ನಂಬರ್ ಅವಳ ಫೋನಿನಲ್ಲೇ ಇರಲಿ. ನಡುರಾತ್ರಿ ಅವಳು ಆ ನಂಬರಿಗೆ ಕರೆ ಮಾಡಿದರೆ ‘ಇಷ್ಟಕ್ಕೆಲ್ಲ ಅವರನ್ನು ಎಬ್ಬಿಸ್ತೀಯಾ’ ಎನ್ನಬೇಡಿ. ಅತ್ತೆಯಂದಿರಿಗೂ ಇದರಲ್ಲಿ ದೊಡ್ಡ ಪಾತ್ರವಿದೆ: ‘ನನಗೂ ಆಗ ಹೀಗೇ ಹೆದರಿಕೆಯಾಗಿತ್ತು, ಸಿಸ್ಟರ್ ಹತ್ತಿರ ಹೇಳು’ ಎಂದು ಅವರು ಅಂದರೆ ಸೊಸೆಗೆ ಧೈರ್ಯ ತಾನಾಗಿ ಬರುತ್ತದೆ. ದಿನ ಹತ್ತಿರ ಬಂದಾಗ ಆಸ್ಪತ್ರೆಗೆ ಜೊತೆಯಲ್ಲಿ ಯಾರು ಬರಲಿ ಎಂದು ಅವಳನ್ನೇ ಕೇಳಿ. ಅಮ್ಮನೋ ಅಕ್ಕನೋ ಪಕ್ಕದ ಮನೆಯ ಗೆಳತಿಯೋ, ಅವಳು ಹೆಸರು ಹೇಳಿದವರಿಗೆ, ಅಡಿಕೆ ಕೊಯ್ಲಿನ ನಡುವೆಯೇ ಆದರೂ ಸರಿ, ಬಿಡುವು ಮಾಡಿಕೊಟ್ಟು ಕಳಿಸಿ.