ಶ್ರುತಿಸಾಮ್ಯವೂ ಸ್ವರೂಪಭೇದವೂ

ಕಳೆದ ಬೇಸಗೆಯ ಒಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಸೋದರಳಿಯನು ತನ್ನ ಗಿಟಾರಿನ ಹಳೆಯ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆದು, ಹೊಸವನ್ನು ಬಿರಡೆಗಳಿಗೆ ಸುತ್ತಿ ಬಿಗಿಯುತ್ತಿದ್ದುದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆನು. ಮರ ಅದೇ, ಕುದುರೆ ಅದೇ, ಮೀಟುವ ಬೆರಳೂ ಅದೇ. ಐದನೆಯ ತಂತಿಯನ್ನು ಅವನು ಹಿಂದಿದ್ದ ಶ್ರುತಿಗೇ, ಎಂದರೆ ಸೆಕೆಂಡಿಗೆ 110 ಕಂಪನಗಳಿಗೇ, ತಂದು ನಿಲ್ಲಿಸಿದನು. ಆದರೂ ಮೀಟಿದೊಡನೆ ಹೊಮ್ಮಿದ ನಾದವು ಹಳೆಯದಾಗಿರಲಿಲ್ಲ. ಮಂಕು ಕವಿದಿದ್ದ ಹಿತ್ತಾಳೆಯ ದೀಪವನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ತಂದಿಟ್ಟಂತೆ ಅದರಲ್ಲಿ ಒಂದು ಹೊಳಪು ಮೂಡಿತ್ತು. “ಮಾವ, ಈ ಕಾಂತಿ ಇನ್ನು ಹದಿನೈದು ದಿನ ಮಾತ್ರ” ಎಂದನು ಅವನು. ಶ್ರುತಿಯು ಒಂದೇ ಆಗಿದ್ದೂ ನಾದವು ಬೇರೆಯಾಗುವುದೆಂದರೆ ಏನು, ಆ ಬೇರೆತನವು ನಿಜವೋ ತೋರಿಕೆಯೋ ಎಂಬ ಪ್ರಶ್ನೆಯು ಆ ಮಾತಿನ ಹಿಂದೆಯೇ ನನ್ನಲ್ಲಿ ಎದ್ದಿತು.

ಭೌತವಿಜ್ಞಾನವು ಈ ವಿಷಯದಲ್ಲಿ ಹೇಳುವುದನ್ನು ಮೊದಲು ಕೇಳಬೇಕು. ಫ್ರಾನ್ಸಿನ ಪಾದ್ರಿ ಮರ್ಸೆನ್ನನು 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದಂತೆ, ತಂತಿಯ ಶ್ರುತಿಯನ್ನು ನಿರ್ಣಯಿಸುವುವು ಅದರ ಉದ್ದ, ಬಿಗಿತ, ಉದ್ದಳತೆಗೆ ಇಷ್ಟೆಂಬ ತೂಕ, ಈ ಮೂರೇ. ಉಕ್ಕು ನೈಲಾನಿಗಿಂತ ಸುಮಾರು ಏಳು ಪಾಲು ಸಾಂದ್ರವಾದುದು. ಆದುದರಿಂದ ಗಿಟಾರಿನ ಮೊದಲನೆಯ ತಂತಿಯು ಉಕ್ಕಿನದಾದರೆ 0.3 ಮಿಲಿಮೀಟರು ದಪ್ಪವಿದ್ದು ಹತ್ತು ಕಿಲೋಗ್ರಾಮಿಗೆ ಮೀರಿದ ಎಳೆತವನ್ನು ತಾಳಿಕೊಂಡು ನುಡಿಯುವ ಸ್ವರವನ್ನೇ, ನೈಲಾನಿನದು 0.7 ಮಿಲಿಮೀಟರು ದಪ್ಪವಿದ್ದು ಸುಮಾರು ಏಳು ಕಿಲೋಗ್ರಾಮಿನ ಎಳೆತದಲ್ಲಿ ನುಡಿಯುತ್ತದೆ. ಇಷ್ಟರಮಟ್ಟಿಗೆ ದ್ರವ್ಯವು ಲೆಕ್ಕದ ಒಂದು ಅಂಕಿ ಮಾತ್ರ. ಆದರೆ ತಂತಿಯು ಒಂದೇ ಸ್ವರವನ್ನು ನುಡಿಯುವುದಿಲ್ಲ. ಆಧಾರಸ್ವರದ ಬೆನ್ನಿಗೆ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ವೇಗದ ಉಪಸ್ವರಗಳು ಪರಿವಾರದಂತೆ ಏಳುತ್ತವೆ. ಇವುಗಳಲ್ಲಿ ಎತ್ತರದವು ಎಷ್ಟು ಬಲವಾಗಿ ಎದ್ದು ಎಷ್ಟು ಕಾಲ ನಿಲ್ಲುವುವೋ ಅಷ್ಟೇ ನಾದದ ಹೊಳಪು. ಕರುಳಿನ ತಂತಿಯಲ್ಲಿಯೂ ನೈಲಾನಿನಲ್ಲಿಯೂ ಒಳಗಣ ಘರ್ಷಣೆ ಹೆಚ್ಚು. ಅದು ಮೇಲಣ ಕಂಪನಗಳನ್ನು ಬೇಗನೆ ಶಾಖವಾಗಿ ಕರಗಿಸಿಬಿಡುವುದರಿಂದ ನಾದವು ಮೃದುವಾಗಿ ದುಂಡಗಾಗುತ್ತದೆ. ಉಕ್ಕು ಅವನ್ನು ನುಂಗದೆ ಬಿಟ್ಟುಕೊಡುತ್ತದೆ.

ಮಂದ್ರಸ್ವರದ ತಂತಿಗಳ ಕಥೆ ಇನ್ನೂ ಸ್ವಾರಸ್ಯವಾದುದು. ದಪ್ಪ ತಂತಿಯು ಕಡ್ಡಿಯಂತೆ ಬಿರುಸಾಗಿ ಉಪಸ್ವರಗಳನ್ನು ಕೆಡಿಸುವುದರಿಂದ, ಸಣ್ಣ ಉಕ್ಕಿನ ಎಳೆಯೊಂದರ ಮೇಲೆ ಇನ್ನೊಂದು ಲೋಹದ ಎಳೆಯನ್ನು ಒತ್ತಾಗಿ ಸುತ್ತಿ, ಬಾಗುವ ಗುಣವನ್ನು ಉಳಿಸಿಕೊಂಡೇ ತೂಕವನ್ನು ಹೆಚ್ಚಿಸುತ್ತಾರೆ. ಈ ಸುತ್ತಿನ ಎಳೆಯಲ್ಲಿ ಪ್ರಸಿದ್ಧವಾದುದು ನೂರಕ್ಕೆ 80 ಪಾಲು ತಾಮ್ರ, 20 ಪಾಲು ಸತು ಬೆರೆತದ್ದು. ವ್ಯಾಪಾರದಲ್ಲಿ ಅದರ ಹೆಸರು ಕಂಚು, ಜಾತಿಯಿಂದ ಅದು ಹಿತ್ತಾಳೆ. ತಾಮ್ರಕ್ಕೆ ನೂರರಲ್ಲಿ ಎಂಟು ಪಾಲಿನಷ್ಟು ತವರವನ್ನೂ ಲವಲೇಶ ರಂಜಕವನ್ನೂ ಸೇರಿಸಿದ ನಿಜವಾದ ಕಂಚಿನ ಸುತ್ತು ಗಿಟಾರಿಗೆ ಬಂದದ್ದು 1970ರ ದಶಕದಲ್ಲಿ. ಮೊದಲನೆಯದು ಹೊಸತರಲ್ಲಿ ಝಗ್ಗೆಂದು ಬೆಳಗಿ ಬೇಗ ಮಾಸುತ್ತದೆ. ಎರಡನೆಯದು ತುಸು ಬೆಚ್ಚಗೆ ನುಡಿದು ಹೆಚ್ಚು ದಿನ ಬಾಳುತ್ತದೆ. ಬೆರಳಿನ ಬೆವರೂ ಕೊಳೆಯೂ ಸುತ್ತಿನ ಸಂದುಗಳಲ್ಲಿ ಸೇರಿ, ಲೋಹವು ಕಿಲುಬು ಹಿಡಿದು, ಮೇಲಣ ಉಪಸ್ವರಗಳು ಒಂದೊಂದಾಗಿ ಅಡಗುವುದೇ ತಂತಿಯ ವಾರ್ಧಕ್ಯ.

ದ್ರವ್ಯವೊಂದೇ ಸರ್ವಸ್ವವೆಂದು ನಾನು ಹೇಳುತ್ತಿಲ್ಲ. ಮೀಟುವ ಸ್ಥಾನ, ಮರದ ಹಲಗೆ, ಕುದುರೆಯ ರೂಪ ಇವೆಲ್ಲಕ್ಕೂ ಪಾಲುಂಟು. ವೀಣೆ ತಂಬೂರಿಗಳ ಅಗಲವಾದ ಬಾಗುಗುದುರೆಯು, ಸಾಮಾನ್ಯ ನಿಯಮದಂತೆ ಏಳಬಾರದ ಉಪಸ್ವರಗಳನ್ನೂ ಎಬ್ಬಿಸುತ್ತದೆಂಬುದನ್ನು ಸಿ. ವಿ. ರಾಮನ್ ಅವರು, ಬೆಂಗಳೂರಿಗೆ ಬರುವುದಕ್ಕೆ ಎಷ್ಟೋ ಮೊದಲೇ, 1921ರಲ್ಲಿ ತೋರಿಸಿಕೊಟ್ಟರು. ಆದರೆ ಇತರವೆಲ್ಲವೂ ಇದ್ದಂತೆಯೇ ಇದ್ದು ತಂತಿಯೊಂದೇ ಬದಲಾದಾಗ ಕೇಳಿಬರುವ ಭೇದಕ್ಕೆ ದ್ರವ್ಯವಲ್ಲದೆ ಇನ್ನಾವುದು ಕಾರಣವಾದೀತು?

ಇಲ್ಲಿ ಅದ್ವೈತದ ಯುಕ್ತಿಯು ಮೊದಲು ಮನಸ್ಸಿಗೆ ಬರುತ್ತದೆ. ಸ್ವರವು ಒಂದೇ, ಉಕ್ಕು, ಕಂಚು, ಕರುಳು ಎಂಬುವು ಉಪಾಧಿಗಳು, ದಾಸವಾಳದ ಸನ್ನಿಧಿಯಿಂದ ಸ್ಫಟಿಕವು ಕೆಂಪಾಗಿ ತೋರುವಂತೆ, ಏಕವಾದ ಸ್ವರವು ದ್ರವ್ಯಗಳ ಸನ್ನಿಧಿಯಿಂದ ಹಲವು ಬಣ್ಣವಾಗಿ ತೋರುತ್ತದೆ. ಈ ಯುಕ್ತಿಯ ಸೊಬಗಿಗೆ ನಾನು ಬಹುಕಾಲ ಮನಸೋತಿದ್ದೆನು. ಆದರೆ ಹೂವನ್ನು ತೆಗೆದರೆ ನಿರ್ಮಲವಾದ ಸ್ಫಟಿಕವು ಉಳಿಯುತ್ತದೆ. ತಂತಿಯನ್ನು ತೆಗೆದರೆ ನಿರ್ಮಲವಾದ ಸ್ವರವು ಎಲ್ಲಿ ಉಳಿಯುತ್ತದೆ? ಉಪಸ್ವರಗಳಿಲ್ಲದ ಏಕಾಕಿಯಾದ ಕಂಪನವನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಬಹುದು, ನಿಜ. ಅದು ಇತರ ನಾದಗಳ ಒಳಗೆ ಅಡಗಿದ್ದ ಸತ್ಯದಂತೆ ಕೇಳುವುದಿಲ್ಲ, ಮತ್ತೊಂದು ನಾದದಂತೆ, ಅದೂ ಬಡವಾದ ನಾದದಂತೆ, ಕೇಳುತ್ತದೆ. ಅದ್ವೈತಿಯು ಇಷ್ಟಕ್ಕೇ ನಿರುತ್ತರನಾಗುವನೆಂದು ನಾನು ಭಾವಿಸಿಲ್ಲ. ಅವನ ಅಧಿಷ್ಠಾನವು ಯಾವ ಸ್ವರಕ್ಕೂ ಆಚೆಯದು. ಆದರೆ ದೃಷ್ಟಾಂತವು ಅವನನ್ನು ಇಲ್ಲಿ ಕೈಬಿಡುತ್ತದೆ.

ಪಾಲಿಯ ಸಂಯುತ್ತನಿಕಾಯದಲ್ಲಿ ಒಬ್ಬ ಅರಸನ ಕಥೆಯಿದೆ. ವೀಣೆಯ ನಾದಕ್ಕೆ ಮರುಳಾಗಿ, ಆ ನಾದವನ್ನೇ ತನ್ನಿರೆಂದು ಆಜ್ಞಾಪಿಸಿದ ಅವನು, ತಂದುಕೊಟ್ಟ ವೀಣೆಯನ್ನು ಸೀಳಿ ಸಿಗಿದು ಸುಟ್ಟು ಬೂದಿಮಾಡಿ, ಎಲ್ಲಿಯೂ ನಾದವನ್ನು ಕಾಣದೆ, ವೀಣೆಯನ್ನೇ ಹಳಿದನಂತೆ. ಸ್ಕಂಧಗಳನ್ನು ಬಿಡಿಸಿ ನೋಡಿದರೆ ‘ನಾನು’ ಎಂಬುದು ಎಲ್ಲಿಯೂ ಸಿಕ್ಕದೆಂಬುದು ಅಲ್ಲಿಯ ತಾತ್ಪರ್ಯ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳುವ ವೀಣೆಯ ದೃಷ್ಟಾಂತವು ಇದರ ಎದುರು ದಿಕ್ಕಿಗೆ ಮುಖಮಾಡಿದೆ: ಹೊರಗೆ ಹರಡಿದ ನಾದಗಳನ್ನು ಹಿಡಿಯಲಾಗದು, ವೀಣೆಯನ್ನೋ ವೈಣಿಕನನ್ನೋ ಹಿಡಿದರೆ ನಾದವು ಹಿಡಿತಕ್ಕೆ ಬರುತ್ತದೆ. ಅರಸನೂ ವೀಣೆಯನ್ನು ಹಿಡಿದವನೇ. ಆದರೆ ನುಡಿಯುತ್ತಿರುವ ವೀಣೆಯನ್ನು ಅವನು ಹಿಡಿಯಲಿಲ್ಲ.

ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಪ್ರತಿಪಾದಿಸಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಈಶ್ವರನಿಗೂ ಜೀವನಿಗೂ ಇರುವ ಭೇದವನ್ನು ಕುರಿತು ಶತಮಾನಗಳ ವಾದ ನಡೆದಿರುವಾಗ, ಈ ಭೇದವನ್ನು ಯಾರೂ ನಿಂತು ನೋಡುವುದಿಲ್ಲ. ಕಲ್ಲು ಮಣ್ಣಲ್ಲವೆಂಬುದು ಯಾರಿಗೆ ತಾನೆ ತಿಳಿಯದು ಎಂದು ನಾನೂ ದಾಟಿ ಹೋಗಿದ್ದೆನು. ತವರಕ್ಕೂ ಸತುವಿಗೂ ಇರುವ ಅಂತರವನ್ನು ಕಿವಿಯಿಂದ ಕೇಳಿದ ಮೇಲೆ ಅದು ಹಾಗೆ ದಾಟತಕ್ಕ ಮಾತಾಗಿ ಉಳಿಯಲಿಲ್ಲ. ಆ ಮತದವರು ಗುಣಗಳಲ್ಲಿಯೂ ಒಂದು ಸೂಕ್ಷ್ಮವಾದ ವಿಭಾಗವನ್ನು ಮಾಡುತ್ತಾರೆ. ದ್ರವ್ಯವಿರುವವರೆಗೂ ಇರುವ ಗುಣವು ದ್ರವ್ಯದಿಂದ ಅಭಿನ್ನ. ಮಾವಿನ ಕಾಯಿಯ ಹಸಿರಿನಂತೆ ನಡುವೆಯೇ ಅಳಿಯುವ ಗುಣಕ್ಕೆ ದ್ರವ್ಯದೊಡನೆ ಭೇದವೂ ಉಂಟು, ಅಭೇದವೂ ಉಂಟು. ನನ್ನ ಸೋದರಳಿಯನು ಹದಿನೈದು ದಿನವೆಂದು ಗಡುವು ಹೇಳಿದ ಹೊಳಪು ಈ ಎರಡನೆಯ ಜಾತಿಯದು. ಆದರೆ ಎಷ್ಟೇ ಮಂಕಾದರೂ ಹಳೆಯ ಕಂಚು ನೈಲಾನಿನಂತೆ ನುಡಿಯದು; ಮಾಸಿದ ಕಂಚಾಗಿಯೇ ನುಡಿಯುತ್ತದೆ.

ಮುಕ್ತಿಯಲ್ಲಿಯೂ ಆನಂದದ ತಾರತಮ್ಯವುಂಟೆಂಬ ಅವರ ಸಿದ್ಧಾಂತವು ನನ್ನನ್ನು ಬಹುಕಾಲ ನೋಯಿಸಿತ್ತು. ಅಲ್ಲಿಯೂ ಮೇಲುಕೀಳೇ ಎಂದು ಮನಸ್ಸು ಕುಗ್ಗುತ್ತಿತ್ತು. ದುಃಖವಿಲ್ಲದಿರುವುದು ಮುಕ್ತರೆಲ್ಲರಿಗೂ ಸಮಾನ, ಆನಂದವು ಮಾತ್ರ ಅವರವರ ಸ್ವರೂಪಕ್ಕೆ ತಕ್ಕಂತೆ ಪೂರ್ಣ ಎಂಬ ಅದರ ಅರ್ಥವು ನನಗೆ ಒಲಿದದ್ದು ಗಿಟಾರಿನ ದೆಸೆಯಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕುರಿಯ ಕರುಳಿನ ತಂತುಗಳೆಲ್ಲ ಗಾಯಾಳುಗಳ ಹೊಲಿಗೆಗೆ ಹೋಗಿ ವಾದಕರಿಗೆ ದುರ್ಲಭವಾದಾಗ, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ಎಂಬಾತನು ನೈಲಾನಿನ ಎಳೆಯಿಂದ ತಂತಿ ಮಾಡಿದನು. ಸ್ಪೇನಿನ ಮಹಾವಾದಕ ಸೆಗೋವಿಯಾ ಅದನ್ನು ಸ್ವೀಕರಿಸಿದನು. ಆತನ ಬೆರಳಿನಲ್ಲಿ ಆ ಎಳೆಯು ನುಡಿದುದನ್ನು ಕೇಳಿದವರು ಉಕ್ಕಿನ ಹೊಳಪು ಅಲ್ಲಿ ಕೊರೆಯಾಯಿತೆಂದು ಮರುಗುವರೆ? ಅಪಸ್ವರವಿಲ್ಲದಿರುವುದು ಎರಡು ತಂತಿಗಳಿಗೂ ಸಮಾನ. ಅದರ ಮೇಲಣ ನಾದವು ಒಂದೊಂದಕ್ಕೂ ತನ್ನದು, ಒಂದೊಂದರಲ್ಲಿಯೂ ತುಂಬಿದುದು.

ಆ ಸಂಜೆ ಸೋದರಳಿಯನು ಒಳಗಿನಿಂದ ತನ್ನ ನೈಲಾನ್ ತಂತಿಯ ಗಿಟಾರನ್ನೂ ತಂದು ನನ್ನ ತೊಡೆಯ ಮೇಲಿರಿಸಿ, ಅದರ ಮೊದಲನೆಯ ತಂತಿಯನ್ನು ತನ್ನ ವಾದ್ಯದ ಉಕ್ಕಿನ ತಂತಿಗೆ ಶ್ರುತಿಗೂಡಿಸಿದನು. ಮೊದಲು ಎರಡರ ನಡುವೆ ಒಂದು ಅಲುಗಾಟ ಕೇಳುತ್ತಿತ್ತು. ಬಿರಡೆ ತಿರುಗಿದಂತೆ ಅದು ನಿಧಾನವಾಗಿ, ಮತ್ತೂ ನಿಧಾನವಾಗಿ, ಕೊನೆಗೆ ನಿಂತುಹೋಯಿತು. ಇಬ್ಬರೂ ಒಟ್ಟಿಗೆ ಮೀಟಿದೆವು. ಶ್ರುತಿಯಲ್ಲಿ ಕೂದಲೆಳೆಯ ಸಂದೂ ಇರಲಿಲ್ಲ. ಆದರೂ ನಾನು ಕಣ್ಣು ಮುಚ್ಚಿ ಕೇಳಿದಾಗ ಎರಡು ನಾದಗಳು ಒಂದರ ಪಕ್ಕದಲ್ಲೊಂದು ಸ್ಪಷ್ಟವಾಗಿ ನಿಂತಿದ್ದುವು. ನೈಲಾನು ಮೊದಲು ಸುಮ್ಮನಾಯಿತು. ಉಕ್ಕು ಇನ್ನೂ ಕೆಲವು ಕ್ಷಣ ನುಡಿಯುತ್ತಿತ್ತು.